ಮನೋವೈದ್ಯರ ಪರೀಕ್ಷೆ ಮುಗಿಯುವುದು ಯಾವಾಗ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳುತ್ತೇನೆ. "ಆ ಡಾಕ್ಟರ್ ಬೋರ್ಡ್ ಸರ್ಟಿಫೈಡ್ ಅಂತೆ, ಧೈರ್ಯವಾಗಿ ಹೋಗಿ." ಸರಿಯಾದ ಮಾತೇ. ಆದರೆ ಆ ಬೋರ್ಡ್ ಏನನ್ನು ಪರೀಕ್ಷಿಸುತ್ತದೆ, ಏನನ್ನು ಪರೀಕ್ಷಿಸುವುದಿಲ್ಲ ಅನ್ನುವುದು ಕೂಡ ಗೊತ್ತಿರಬೇಕು. ನಾನೂ ಮನೋವೈದ್ಯನೇ ಆದ್ದರಿಂದ ಇದು ನನ್ನ ಮನಸ್ಸಿಗೆ ಹತ್ತಿರವಾದ ವಿಷಯ.

ಮೊದಲು ಒಂದು ಗೊಂದಲ ಬಿಡಿಸೋಣ. ಲೈಸೆನ್ಸ್ ಬೇರೆ, ಬೋರ್ಡ್ ಸರ್ಟಿಫಿಕೇಟ್ ಬೇರೆ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಅದಿಲ್ಲದೆ ರೋಗಿಯನ್ನು ಮುಟ್ಟುವಂತಿಲ್ಲ. ಪರೀಕ್ಷೆ ಪಾಸಾದವರಿಗೆ ಸರ್ಟಿಫಿಕೇಟ್ ಕೊಡುವುದು ಅಮೆರಿಕನ್ ಬೋರ್ಡ್ ಆಫ್ ಸೈಕಿಯಾಟ್ರಿ ಅಂಡ್ ನ್ಯೂರಾಲಜಿ, ಅಂದರೆ ಮನೋರೋಗ ಮತ್ತು ನರರೋಗಗಳ ಬೋರ್ಡ್. ಇದು ಸರ್ಕಾರದ ಇಲಾಖೆ ಅಲ್ಲ, 1934ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ. ಕಾನೂನಿನ ಪ್ರಕಾರ ಈ ಸರ್ಟಿಫಿಕೇಟ್ ಕಡ್ಡಾಯವಲ್ಲ. ಆದರೆ ಬಹಳಷ್ಟು ಆಸ್ಪತ್ರೆಗಳು, ಇನ್ಶೂರೆನ್ಸ್ ಕಂಪನಿಗಳು ಇದನ್ನು ಕೇಳುತ್ತವೆ. ಹಾಗಾಗಿ ಬೇಡ ಅನ್ನುವ ಧೈರ್ಯ ಕೆಲವರಿಗೆ ಮಾತ್ರ.

ಮನಸ್ಸಿನ ಡಾಕ್ಟರಿಗೂ ನರಗಳ ಡಾಕ್ಟರಿಗೂ ಒಂದೇ ಬೋರ್ಡ್ ಯಾಕೆ? 1934ರಲ್ಲಿ ಈ ಎರಡರ ನಡುವಿನ ಗೆರೆ ಇಷ್ಟು ಗಟ್ಟಿಯಾಗಿರಲಿಲ್ಲ. ಎರಡನ್ನೂ ಒಬ್ಬರೇ ನೋಡುತ್ತಿದ್ದದ್ದೂ ಇತ್ತು. ಇವತ್ತು ದಾರಿ ಬೇರೆಯಾಗಿದ್ದರೂ ಮನೋವೈದ್ಯರ ಪರೀಕ್ಷೆಯಲ್ಲಿ ನರರೋಗದ ಪ್ರಶ್ನೆಗಳು ಬರುತ್ತವೆ, ನರರೋಗ ತಜ್ಞರ ಪರೀಕ್ಷೆಯಲ್ಲಿ ಮನೋರೋಗದ ಪ್ರಶ್ನೆಗಳು ಬರುತ್ತವೆ. ಸುಮ್ನೆ ಹಳೆಯ ಪದ್ಧತಿ ಅಂತ ಇಟ್ಟುಕೊಂಡಿದ್ದಾರೆ ಅಂದುಕೊಳ್ಳಬೇಡಿ. ಒಂದು ಕಾಯಿಲೆಯ ಬಗ್ಗೆ ಹೇಳುತ್ತೇನೆ.

ಚೆನ್ನಾಗಿಯೇ ಓಡಾಡಿಕೊಂಡಿದ್ದ ಯುವತಿ. ಕೆಲವೇ ದಿನಗಳಲ್ಲಿ ನಿದ್ದೆ ಹೋಗುತ್ತದೆ, ಇಲ್ಲದ ದನಿಗಳು ಕೇಳುತ್ತವೆ, ಮನೆಯವರ ಮೇಲೇ ಅನುಮಾನ ಹುಟ್ಟುತ್ತದೆ. ಮಾನಸಿಕ ರೋಗಿಗಳ ವಾರ್ಡಿಗೆ ಸೇರಿಸುತ್ತಾರೆ. ಆಮೇಲೆ ಫಿಟ್ಸ್ ಬರುತ್ತದೆ, ಬಾಯಿ ತಾನಾಗಿ ಅಲುಗುತ್ತದೆ, ಮಾತು ನಿಲ್ಲುತ್ತದೆ. 2007ರಲ್ಲಿ ನರರೋಗ ತಜ್ಞ ಜೋಸೆಪ್ ಡಾಲ್ಮೌ ಮತ್ತು ಅವರ ತಂಡ ಇಂಥ 12 ಮಹಿಳೆಯರ ಬಗ್ಗೆ ಬರೆದರು. ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಜೀವಕೋಶಗಳು ಸಂದೇಶ ಪಡೆಯುವ ಎನ್‌ಎಂಡಿಎ ರಿಸೆಪ್ಟರ್‌ಗಳ ಮೇಲೆ ದಾಳಿ ಮಾಡುತ್ತಿತ್ತು. ಅವರಲ್ಲಿ ಹೆಚ್ಚಿನವರಿಗೆ ಅಂಡಾಶಯದಲ್ಲಿ ಗೆಡ್ಡೆ ಇತ್ತು. ಗೆಡ್ಡೆ ತೆಗೆದು, ಸ್ಟೀರಾಯ್ಡ್‌ನಂಥ ಚಿಕಿತ್ಸೆ ಕೊಟ್ಟರೆ ಎಷ್ಟೋ ಜನ ಹುಷಾರಾಗುತ್ತಾರೆ. ಬರೀ ಮನೋರೋಗದ ಮಾತ್ರೆ ಕೊಡುತ್ತಾ ಕೂತರೆ ಹೊತ್ತು ಕೈ ತಪ್ಪುತ್ತದೆ, ಜೀವವೂ ಹೋಗಬಹುದು.

ಈಗ ಯೋಚನೆ ಮಾಡಿ. 1985ರಲ್ಲಿ ಪರೀಕ್ಷೆ ಪಾಸು ಮಾಡಿದ ಮನೋವೈದ್ಯರ ಕೈಯಲ್ಲಿರುವುದು ಜೀವಮಾನದ ಸರ್ಟಿಫಿಕೇಟ್. ಈ ಕಾಯಿಲೆಯ ಬಗ್ಗೆ ಅವರನ್ನು ಯಾವ ಬೋರ್ಡೂ ಕೇಳಿಲ್ಲ. ತಾವಾಗಿ ಓದಿ ತಿಳಿದುಕೊಂಡ ಹಿರಿಯರು ಬಹಳ ಜನ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಓದದಿದ್ದರೂ ಸರ್ಟಿಫಿಕೇಟ್ ಹಾಗೇ ಉಳಿಯುತ್ತದೆ, ಅಲ್ವಾ?

1994ರ ಅಕ್ಟೋಬರ್‌ನಿಂದ ಬೋರ್ಡ್ 10 ವರ್ಷದ ಗಡುವಿನ ಸರ್ಟಿಫಿಕೇಟ್ ಕೊಡಲು ಶುರು ಮಾಡಿತು. ಹಳಬರಿಗೆ ಹಳೆಯದೇ ಮುಂದುವರಿಯಿತು, ಹೊಸಬರಿಗೆ ಮಾತ್ರ ಮತ್ತೆ ಪರೀಕ್ಷೆ. ಒಂದೇ ವಾರ್ಡಿನಲ್ಲಿ ಕೆಲಸ ಮಾಡುವ ಇಬ್ಬರಿಗೆ ಎರಡು ನಿಯಮ. ಇದು ನ್ಯಾಯವಲ್ಲ ಅಂತ ಆಗಲೂ ಅನೇಕರು ಹೇಳಿದರು, ನನಗೆ ಈಗಲೂ ಹಾಗೇ ಅನ್ನಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ಕಂಪ್ಯೂಟರ್ ಮುಂದೆ ಕೂತು ಸರಿ ಉತ್ತರ ಆರಿಸುವ ಪರೀಕ್ಷೆಯ ಬಗ್ಗೆಯೂ ಸಿಟ್ಟಿತ್ತು. ಬರೀ ಮಕ್ಕಳನ್ನೇ ನೋಡುವವರು, ಬರೀ ಫಿಟ್ಸ್ ಕಾಯಿಲೆ ನೋಡುವವರು ಪೂರ್ತಿ ಪಠ್ಯ ಮತ್ತೆ ಉರು ಹೊಡೆಯಬೇಕಿತ್ತು. ಶುಲ್ಕವೂ ಹೊರೆಯೇ. 2019ರಲ್ಲಿ ಕೆಲವು ವೈದ್ಯರು ಬೋರ್ಡಿನ ವಿರುದ್ಧ ಕೋರ್ಟಿಗೂ ಹೋದರು.

ಅದೇ 2019ರಲ್ಲಿ ಬೋರ್ಡ್ ಇನ್ನೊಂದು ದಾರಿಯನ್ನು ಪ್ರಯೋಗ ಮಾಡಿ ನೋಡಿತು, 2022ರಲ್ಲಿ ಅದನ್ನು ಕಾಯಂ ಮಾಡಿತು. ಮೂರು ವರ್ಷದಲ್ಲಿ 30 ಲೇಖನ ಓದಬೇಕು. ಬೋರ್ಡ್ ಕೊಡುವ ಪಟ್ಟಿಯಿಂದ ನಮ್ಮ ಕೆಲಸಕ್ಕೆ ಹತ್ತಿರವಾದವನ್ನು ಆರಿಸಿಕೊಳ್ಳಬಹುದು. ಪ್ರತಿ ಲೇಖನಕ್ಕೆ ಐದು ಪ್ರಶ್ನೆ, ನಾಲ್ಕಾದರೂ ಸರಿ ಇರಬೇಕು. ಲೇಖನ ಕೈಯಲ್ಲಿ ಇಟ್ಟುಕೊಂಡೇ ಉತ್ತರಿಸಬಹುದು. ನನ್ನ ಮಟ್ಟಿಗೆ ಇದು ಒಳ್ಳೆಯ ಬದಲಾವಣೆ. ಹೊಸ ಸಂಶೋಧನೆ ಕೈಗೆ ಬಂದಾಗಲೇ ಓದುತ್ತೇವೆ, ಮಾರನೆಯ ದಿನ ಕ್ಲಿನಿಕ್‌ನಲ್ಲಿ ಉಪಯೋಗವಾಗುತ್ತದೆ.

ಆದರೆ ನನ್ನ ನಿಜವಾದ ಚಿಂತೆ ಬೇರೆ ಇದೆ.

ಹಿಂದೆ ಮನೋವೈದ್ಯರ ಬೋರ್ಡ್ ಪರೀಕ್ಷೆಯ ಎರಡನೇ ಭಾಗ ಬಾಯಿ ಪರೀಕ್ಷೆ. ಎದುರಿಗೆ ನಿಜವಾದ ರೋಗಿ, ಪಕ್ಕದಲ್ಲಿ ಪರೀಕ್ಷಕರು. ಅರ್ಧ ಗಂಟೆ ರೋಗಿಯ ಜೊತೆ ಮಾತು, ಅರ್ಧ ಗಂಟೆ ಪರೀಕ್ಷಕರ ಪ್ರಶ್ನೆ. ಇದಕ್ಕಾಗಿ ದೂರದ ಊರಿಗೆ ಹೋಗಬೇಕು, ಸಿಗುವ ರೋಗಿ ಮತ್ತು ಪರೀಕ್ಷಕರ ಮೇಲೆ ಅದೃಷ್ಟ ನಿಂತಿರುತ್ತಿತ್ತು. ಆ ದೂರು ನಿಜ. ಬೋರ್ಡ್ ಅದನ್ನು ತೆಗೆದು, ಆ ಕೆಲಸವನ್ನು ರೆಸಿಡೆನ್ಸಿ ಅನ್ನುವ ತಜ್ಞ ತರಬೇತಿಯೊಳಗೇ ತಂದಿತು. ನಾಲ್ಕು ವರ್ಷದ ತರಬೇತಿಯಲ್ಲಿ ಮೂವರು ಬೇರೆ ಬೇರೆ ರೋಗಿಗಳನ್ನು ಮಾತಾಡಿಸುವುದನ್ನು ಹಿರಿಯರು ಕೂತು ನೋಡಿ ಒಪ್ಪಬೇಕು. ನರರೋಗದಲ್ಲಿ ಇಂಥವು ಐದು.

ಅದಾದ ಮೇಲೆ? ಅದಾದ ಮೇಲೆ ಮೂವತ್ತು ವರ್ಷ ಯಾರೂ ನೋಡುವುದಿಲ್ಲ. ಕೋಣೆಯ ಬಾಗಿಲು ಮುಚ್ಚಿದರೆ ಒಳಗೆ ಡಾಕ್ಟರ್ ಮತ್ತು ರೋಗಿ ಇಬ್ಬರೇ. ರೋಗಿಗಳ ಇಲ್ಲವೇ ಸಹೋದ್ಯೋಗಿಗಳ ಅಭಿಪ್ರಾಯ ಕೇಳುವ ನಮೂನೆಗಳನ್ನು ಬೋರ್ಡ್ ಇಟ್ಟಿದೆ. ಆದರೆ ನಮೂನೆ ತುಂಬಿಸುವುದು ಬೇರೆ, ಪಕ್ಕದಲ್ಲಿ ಕೂತು ನೋಡುವುದು ಬೇರೆ.

ನಮ್ಮ ಕೆಲಸದಲ್ಲಿ ಇದು ಜಾಸ್ತಿ ಮುಖ್ಯ. ಖಿನ್ನತೆಗೆ ರಕ್ತಪರೀಕ್ಷೆ ಇಲ್ಲ. ಮಾತಾಡಿಸುವ ರೀತಿಯೇ ನಮ್ಮ ಸ್ಟೆತಸ್ಕೋಪ್. ಹದಿನೈದು ನಿಮಿಷಕ್ಕೊಬ್ಬರಂತೆ ರೋಗಿಗಳನ್ನು ನೋಡುತ್ತಾ ಹೋದರೆ ಕುಡಿತದ ಪ್ರಶ್ನೆ ಬಿಟ್ಟುಹೋಗುತ್ತದೆ, ಸಾಯುವ ಯೋಚನೆ ಬರುತ್ತಿದೆಯಾ ಅಂತ ಕೇಳುವುದು ಬಿಟ್ಟುಹೋಗುತ್ತದೆ. ಬಿಟ್ಟದ್ದು ನಮಗೇ ಗೊತ್ತಾಗುವುದಿಲ್ಲ. ಮಕ್ಕಳ ಮನೆಗೆ ಬಂದಿರುವ ನಮ್ಮ ಊರಿನ ಅಮ್ಮಂದಿರನ್ನು ನೆನೆಸಿಕೊಳ್ಳಿ. ಡಾಕ್ಟರ್ ಕೇಳಿದ್ದಕ್ಕೆಲ್ಲ ಮಗನೇ ಉತ್ತರ ಕೊಡುತ್ತಾನೆ, ಅಮ್ಮ ಸುಮ್ಮನೆ ಕೂತಿರುತ್ತಾರೆ. ಮಗನನ್ನು ಸ್ವಲ್ಪ ಹೊರಗೆ ಕಳಿಸಿ, ದುಭಾಷಿಯನ್ನು ಕರೆಸಿ, ಅಮ್ಮನ ಬಾಯಿಂದಲೇ ಕೇಳುವ ಡಾಕ್ಟರ್ ಯಾರು, ಕೇಳದವರು ಯಾರು? ಯಾವ ಲೇಖನದ ಐದು ಪ್ರಶ್ನೆಗಳೂ ಇದನ್ನು ಹೇಳಲಾರವು.

ಇದು ಅಮೆರಿಕದ ತೊಂದರೆ ಮಾತ್ರ ಅಲ್ಲ. ನಮ್ಮಲ್ಲಿ ಎಂಡಿ ಪರೀಕ್ಷೆಯಲ್ಲಿ ನಿಜವಾದ ರೋಗಿಯನ್ನು ಪೂರ್ತಿಯಾಗಿ ನೋಡಿ ಪರೀಕ್ಷಕರಿಗೆ ವಿವರಿಸುವ ಲಾಂಗ್ ಕೇಸ್ ಇರುತ್ತದೆ, ಅದು ನಮ್ಮ ಹೆಮ್ಮೆ. ಅದು ಮುಗಿದ ಮೇಲೆ ಭಾರತದಲ್ಲೂ ಯಾರೂ ನೋಡುವುದಿಲ್ಲ. 2002ರ ಮೆಡಿಕಲ್ ಕೌನ್ಸಿಲ್ ನಿಯಮಾವಳಿ ಐದು ವರ್ಷಕ್ಕೆ 30 ಗಂಟೆ ಕಲಿಕೆ ಬೇಕು ಅಂದಿತು. ಆ ಗಂಟೆಗಳು ಸಭೆಯಲ್ಲಿ ಹಾಜರಿದ್ದದ್ದನ್ನು ಹೇಳುತ್ತವೆ, ಕಲಿತದ್ದನ್ನಲ್ಲ. ಭಾರತದಲ್ಲಿ ಎಂಡಿ ಮಾಡಿ ಅಮೆರಿಕಕ್ಕೆ ಹೋದವರು ಸಾಮಾನ್ಯವಾಗಿ ಅಲ್ಲಿ ಮತ್ತೆ ರೆಸಿಡೆನ್ಸಿ ಮಾಡುತ್ತಾರೆ, ಮತ್ತೆ ಹಿರಿಯರ ಕಣ್ಣೆದುರು ರೋಗಿಯನ್ನು ಮಾತಾಡಿಸುತ್ತಾರೆ. ಎರಡನೇ ಸಲ ತಿದ್ದಿಸಿಕೊಂಡದ್ದು ಅವರಿಗೆ ಸಿಕ್ಕ ಲಾಭ ಅಂತಲೇ ನಾನು ತಿಳಿದಿದ್ದೇನೆ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ಮೂವತ್ತು ಲೇಖನ ಇರಲಿ. ಅದರಲ್ಲಿ ಐದನ್ನು ಬಿಟ್ಟು, ಅದರ ಬದಲು ಒಂದು ಸಲ ಸಹೋದ್ಯೋಗಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸ ರೋಗಿಯನ್ನು ನೋಡಲು ಅವಕಾಶ ಕೊಡಲಿ. ರೋಗಿಯ ಒಪ್ಪಿಗೆ ಮೊದಲು ಬೇಕು. ಪಾಸು, ಫೇಲು ಬೇಡ. ನೋಡಿದವರು ಆಮೇಲೆ ಬಾಗಿಲು ಹಾಕಿಕೊಂಡು, ನೀವು ಇದನ್ನು ಕೇಳಲಿಲ್ಲ, ಇಲ್ಲಿ ಅವಸರ ಮಾಡಿದಿರಿ ಅಂತ ಹೇಳಿದರೆ ಸಾಕು. ಹಳ್ಳಿಗಾಡಿನಲ್ಲಿ ಒಬ್ಬರೇ ಇರುವ ಡಾಕ್ಟರ್‌ಗೆ ವಿಡಿಯೋ ಮೂಲಕವೂ ಇದು ಆಗುತ್ತದೆ. 1994ಕ್ಕೆ ಮುಂಚಿನ ಸರ್ಟಿಫಿಕೇಟ್ ಇರುವ ಹಿರಿಯರನ್ನೂ ಕರೆಯೋಣ, ಮೊದಲು ನೋಡುವವರಾಗಿ, ಆಮೇಲೆ ನೋಡಿಸಿಕೊಳ್ಳುವವರಾಗಿ.