ಟೇಕ್ ದಟ್‌ನ ಎರಡನೇ ಇನ್ನಿಂಗ್ಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಯ್ ಬ್ಯಾಂಡ್ ಅಂದ ಕೂಡಲೇ ಸಂಗೀತ ಬಲ್ಲವರು ಮೂಗು ಮುರಿಯುತ್ತಾರೆ. ನಾಲ್ಕೈದು ಚೆಂದದ ಹುಡುಗರು, ಒಂದೇ ತರಹದ ಬಟ್ಟೆ, ಒಂದೇ ತರಹದ ಕುಣಿತ. ಹಾಡು ಬರೆದವರು ಯಾರೋ, ದುಡ್ಡು ಎಣಿಸಿದವರು ಇನ್ಯಾರೋ. ಈ ದೂರಿನಲ್ಲಿ ಸುಳ್ಳು ಕಡಿಮೆ. ಇಂಥ ತಂಡಗಳ ಆಯಸ್ಸೂ ಅಷ್ಟಕ್ಕಷ್ಟೇ. ಪೋಸ್ಟರ್ ಅಂಟಿಸಿಕೊಂಡ ಹುಡುಗಿಯರು ಹೈಸ್ಕೂಲು ಮುಗಿಸುವ ಹೊತ್ತಿಗೆ ತಂಡವೂ ಮುಗಿದಿರುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಟೇಕ್ ದಟ್ ಕೂಡ ಹಾಗೇ ಮುಗಿಯಿತು. ಹತ್ತು ವರ್ಷ ಕಳೆದ ಮೇಲೆ ವಾಪಸು ಬಂತು. ಬಂದದ್ದಷ್ಟೇ ಅಲ್ಲ, ಮೊದಲಿಗಿಂತ ದೊಡ್ಡದಾಯಿತು. ಇದು ಹೇಗಾಯಿತು ಅನ್ನುವುದೇ ಇವತ್ತಿನ ಮಾತು.

1980ರ ದಶಕದ ಕೊನೆಗೆ ಅಮೆರಿಕದ ಬಾಸ್ಟನ್‌ನಿಂದ ನ್ಯೂ ಕಿಡ್ಸ್ ಆನ್ ದ ಬ್ಲಾಕ್ ಎಂಬ ತಂಡ ಬಂದು ಜಗತ್ತನ್ನೇ ಕುಣಿಸುತ್ತಿತ್ತು. ಅದಕ್ಕೆ ಬ್ರಿಟನ್ನಿನಿಂದ ಒಂದು ಉತ್ತರ ಬೇಕು ಅಂತ ಮ್ಯಾಂಚೆಸ್ಟರ್‌ನ ನೈಜೆಲ್ ಮಾರ್ಟಿನ್-ಸ್ಮಿತ್ ಎಂಬ ಮ್ಯಾನೇಜರ್‌ಗೆ ಅನ್ನಿಸಿತು. 1990ರಲ್ಲಿ ಐದು ಹುಡುಗರನ್ನು ಒಟ್ಟು ಮಾಡಿದ. ಗ್ಯಾರಿ ಬಾರ್ಲೋ ಹದಿಹರೆಯದಿಂದಲೇ ಕ್ಲಬ್ಬುಗಳಲ್ಲಿ ಕೀಬೋರ್ಡ್ ನುಡಿಸಿ ಹಾಡುತ್ತಿದ್ದ, ಸ್ವಂತ ಹಾಡುಗಳನ್ನೂ ಕಟ್ಟಿದ್ದ. ಹೊವಾರ್ಡ್ ಡೊನಾಲ್ಡ್ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಜೇಸನ್ ಆರೆಂಜ್ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ, ಜೊತೆಗೆ ಒಳ್ಳೆ ಬ್ರೇಕ್ ಡಾನ್ಸರ್. ಮಾರ್ಕ್ ಓವನ್ ಬ್ಯಾಂಕಿನ ಕೆಲಸದಲ್ಲಿದ್ದ. ಎಲ್ಲರಿಗಿಂತ ಚಿಕ್ಕವನು ಸ್ಟೋಕ್-ಆನ್-ಟ್ರೆಂಟ್‌ನ ರಾಬಿ ವಿಲಿಯಮ್ಸ್, ವಯಸ್ಸು ಬರೀ 16.

ಶುರುವಿನಲ್ಲಿ ಯಾರೂ ಕೇಳಲಿಲ್ಲ. 1991ರ ಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಬಿಟ್ಟ ಹಾಡು, ಬ್ರಿಟನ್ನಿನ ಚಾರ್ಟ್‌ನಲ್ಲಿ, ಅಂದರೆ ಮಾರಾಟದ ಪಟ್ಟಿಯಲ್ಲಿ, 82ನೇ ಜಾಗದಲ್ಲೇ ನಿಂತಿತು. ಹುಡುಗರು ಸಲಿಂಗಿಗಳ ಕ್ಲಬ್ಬುಗಳಲ್ಲಿ ಹಾಡಿದರು, ಶಾಲೆಗಳಿಗೆ ಹೋಗಿ ಹಾಡಿದರು, ವ್ಯಾನಿನಲ್ಲಿ ಊರೂರು ಸುತ್ತಿದರು. 1992ರಲ್ಲಿ ಹಳೆಯ ಅಮೆರಿಕನ್ ಹಾಡೊಂದನ್ನು ಹೊಸದಾಗಿ ಹಾಡಿದಾಗ 7ನೇ ಜಾಗ ಸಿಕ್ಕಿತು. ಆಮೇಲೆ ನಿಲ್ಲಲೇ ಇಲ್ಲ. 1993ರ ಜುಲೈನಲ್ಲಿ 'ಪ್ರೇ' ಮೊದಲ ನಂಬರ್ ಒನ್. ಅದೇ ವರ್ಷ ಹಿರಿಯ ಗಾಯಕಿ ಲುಲು ಜೊತೆ ಹಾಡಿದ 'ರಿಲೈಟ್ ಮೈ ಫೈರ್' ಕೂಡ ನಂಬರ್ ಒನ್. ಕ್ರಿಸ್‌ಮಸ್ ವಾರದಲ್ಲಿ ಮಾತ್ರ ಇವರ 'ಬೇಬ್' ಹಾಡನ್ನು ಮಿಸ್ಟರ್ ಬ್ಲಾಬಿ ಎಂಬ ಟಿವಿ ಗೊಂಬೆಯ ಹಾಡು ಕೆಳಗಿಳಿಸಿತು. ಗುಲಾಬಿ ಬಣ್ಣದ ದಪ್ಪ ಗೊಂಬೆ! ಬ್ರಿಟಿಷರ ಹಾಸ್ಯಪ್ರಜ್ಞೆ ಕೆಲವೊಮ್ಮೆ ಅರ್ಥವಾಗುವುದಿಲ್ಲ ನೋಡಿ.

1995ರಲ್ಲಿ 'ಬ್ಯಾಕ್ ಫಾರ್ ಗುಡ್' ಬಂತು. ಬ್ರಿಟನ್ನಿನಲ್ಲಿ ನಾಲ್ಕು ವಾರ ನಂಬರ್ ಒನ್, ಅಮೆರಿಕದಲ್ಲೂ 7ನೇ ಜಾಗ. ಬರೆದದ್ದು ಗ್ಯಾರಿ. ಮೂಗು ಮುರಿಯುತ್ತಿದ್ದವರೂ ಈ ಹಾಡಿಗೆ ತಲೆದೂಗಿದರು.

ಇಲ್ಲಿ ಸ್ವಲ್ಪ ದುಡ್ಡಿನ ವಿಷಯ ಹೇಳಬೇಕು. ಇಡೀ ಕಥೆಯ ಗಂಟು ಇರುವುದು ಅಲ್ಲಿಯೇ. ಪಾಪ್ ಸಂಗೀತದಲ್ಲಿ ಹಾಡಿದವರಿಗೆ ಒಂದು ಪಾಲು, ಬರೆದವರಿಗೆ ಬೇರೆ ಪಾಲು. ರೆಕಾರ್ಡ್ ಮಾರಾಟದಲ್ಲಿ, ಕಾರ್ಯಕ್ರಮಗಳಲ್ಲಿ ಬಂದದ್ದು ಐವರಿಗೂ ಹಂಚಿಕೆಯಾಗುತ್ತದೆ. ಆದರೆ ಹಾಡು ರೇಡಿಯೊದಲ್ಲಿ ಬಂದಾಗ, ಬೇರೆಯವರು ಅದನ್ನು ಹಾಡಿದಾಗ, ಜಾಹೀರಾತಿನಲ್ಲಿ ಬಳಸಿದಾಗ ಬರೆದವನಿಗೆ ರಾಯಲ್ಟಿ ಹೋಗುತ್ತದೆ. ವರ್ಷಗಟ್ಟಲೆ ಹೋಗುತ್ತಲೇ ಇರುತ್ತದೆ. ಟೇಕ್ ದಟ್‌ನ ಹೆಚ್ಚಿನ ಹಾಡು ಬರೆದವನು ಗ್ಯಾರಿ, ಹೆಚ್ಚಿನ ಹಾಡಿನಲ್ಲಿ ಮುಖ್ಯ ಗಾಯಕನೂ ಗ್ಯಾರಿ. ಉಳಿದವರು ಹಿಂದೆ ಕುಣಿಯುತ್ತಿದ್ದರು. ಒಂದೇ ವೇದಿಕೆ, ಒಂದೇ ಬೆವರು, ಆದರೆ ಮನೆಗೆ ಒಯ್ಯುವ ದುಡ್ಡು ಬೇರೆ ಬೇರೆ. ಇದರ ಮೇಲೆ ಮ್ಯಾನೇಜರ್‌ನ ಕಟ್ಟುನಿಟ್ಟು ಬೇರೆ. ಗೆಳತಿ ಇದ್ದಾಳೆ ಅಂತ ಹೊರಗೆ ಹೇಳುವಂತಿಲ್ಲ, ಅಭಿಮಾನಿಗಳ ಕನಸು ಒಡೆಯಬಾರದಲ್ಲ!

ಈ ಅಸಮಾಧಾನ ಮೊದಲು ಒಡೆದದ್ದು ರಾಬಿಯಲ್ಲಿ. ಕುಡಿತ ಜಾಸ್ತಿಯಾಯಿತು. 1995ರ ಜೂನ್‌ನಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಒಯಾಸಿಸ್ ಎಂಬ ರಾಕ್ ತಂಡದವರ ಜೊತೆ ಕಾಣಿಸಿಕೊಂಡ. ಜುಲೈನಲ್ಲಿ ತಂಡದಿಂದ ಹೊರಗೆ. ಉಳಿದ ನಾಲ್ವರು ಕೆಲವು ತಿಂಗಳು ನಡೆಸಿ, 1996ರ ಫೆಬ್ರುವರಿ 13ರಂದು ಮುಚ್ಚಿದೆವು ಅಂತ ಘೋಷಿಸಿದರು. ಅದು ರಾಬಿಯ 22ನೇ ಹುಟ್ಟುಹಬ್ಬ. ಬ್ರಿಟನ್ನಿನ ಹದಿಹರೆಯದ ಹುಡುಗಿಯರು ಎಷ್ಟು ಅತ್ತರೆಂದರೆ, ಸಮಾಧಾನ ಹೇಳಲು ಸಹಾಯವಾಣಿಗಳನ್ನೇ ತೆರೆಯಬೇಕಾಯಿತು. ನಗಬೇಡಿ. ನಮ್ಮಲ್ಲೂ ನಟರಿಗಾಗಿ ಜನ ಅತ್ತಿದ್ದನ್ನು ಕಂಡಿದ್ದೇವೆ, ಅಲ್ವಾ?

ಆಮೇಲೆ ಲೆಕ್ಕ ತಲೆಕೆಳಗಾಯಿತು. ಮುಂದೆ ದೊಡ್ಡವನಾಗುವವನು ಗ್ಯಾರಿ ಅಂತ ಎಲ್ಲರೂ ಅಂದುಕೊಂಡಿದ್ದರು. ಶುರುವಿನಲ್ಲಿ ಎರಡು ನಂಬರ್ ಒನ್ ಸಿಂಗಲ್ ಕೊಟ್ಟ, ನಿಜ. ಆದರೆ 1999ರ ಎರಡನೇ ಆಲ್ಬಂ ಮುಗ್ಗರಿಸಿತು, ಕಂಪನಿ ಕೈಬಿಟ್ಟಿತು. ಗ್ಯಾರಿ ಮನೆ ಸೇರಿದ, ದಪ್ಪಗಾದ, ವೇದಿಕೆಯಿಂದ ದೂರ ಉಳಿದು ಬೇರೆಯವರಿಗೆ ಹಾಡು ಬರೆದ. ಹೊರಗೆ ಹೋಗಿದ್ದ ರಾಬಿ? 1997ರ 'ಏಂಜಲ್ಸ್' ಅವನನ್ನು ಎಲ್ಲಿಗೋ ಒಯ್ದಿತು. ತಮಾಷೆ ಏನೆಂದರೆ ಅದು ಚಾರ್ಟ್‌ನಲ್ಲಿ 4ನೇ ಜಾಗ ದಾಟಲೇ ಇಲ್ಲ, ಆದರೂ ಅವನ ಹಾಡುಗಳಲ್ಲಿ ಜನರ ಬಾಯಲ್ಲಿ ಹೆಚ್ಚು ಉಳಿದದ್ದು ಅದೇ. 2003ರಲ್ಲಿ ನೆಬ್‌ವರ್ತ್ ಬಯಲಿನಲ್ಲಿ ಮೂರು ದಿನ ಹಾಡಿದ. ಬಂದವರು ಮೂರೂ ಮುಕ್ಕಾಲು ಲಕ್ಷ ಜನ. ಸಂದರ್ಶನ ಸಿಕ್ಕಾಗಲೆಲ್ಲ ಗ್ಯಾರಿಯನ್ನು ಕುಟುಕುವುದನ್ನೂ ಬಿಡಲಿಲ್ಲ. ಉಳಿದವರಲ್ಲಿ ಹೊವಾರ್ಡ್ ಡಿಜೆ ಆದ, ಮಾರ್ಕ್ 2002ರ ಸೆಲೆಬ್ರಿಟಿ ಬಿಗ್ ಬ್ರದರ್ ಎಂಬ ಟಿವಿ ರಿಯಾಲಿಟಿ ಷೋ ಗೆದ್ದ, ಜೇಸನ್ ಸ್ವಲ್ಪ ನಟಿಸಿ, ಬಿಟ್ಟು, ಕಾಲೇಜಿಗೆ ಓದಲು ಹೋದ.

2005ರ ನವೆಂಬರ್‌ನಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್‌ನಲ್ಲಿ ತಂಡದ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ನಾಲ್ವರು ಮತ್ತೆ ಒಂದೆಡೆ ಸೇರಿದರು. ರಾಬಿ ಬರಲಿಲ್ಲ, ವಿಡಿಯೊ ಸಂದೇಶ ಕಳಿಸಿದ. ಅದನ್ನು ನೋಡಿದ ಜನರ ಪ್ರತಿಕ್ರಿಯೆ ಹೇಗಿತ್ತೆಂದರೆ, ಅದೇ ತಿಂಗಳ 25ರಂದು ನಾಲ್ವರೂ ಪತ್ರಿಕಾಗೋಷ್ಠಿ ಕರೆದು 2006ಕ್ಕೆ ಟೂರ್ ಘೋಷಿಸಿದರು. ಇಷ್ಟಕ್ಕೇ ನಿಂತಿದ್ದರೆ ಅದು ಹಳೇ ನೆನಪಿನ ವ್ಯಾಪಾರ ಆಗುತ್ತಿತ್ತು. ಅವರು ಹೊಸ ಆಲ್ಬಂ ಮಾಡಲು ಕೂತರು. ಕೂರುವಾಗಲೇ ಒಂದು ಮಾತಾಯಿತು: ಇನ್ನು ಮೇಲೆ ಹಾಡಿನ ಕೆಳಗೆ ಎಲ್ಲರ ಹೆಸರೂ ಇರಬೇಕು, ಬರೆದದ್ದರ ಪಾಲೂ ಎಲ್ಲರಿಗೂ ಹೋಗಬೇಕು.

ನನ್ನ ಪ್ರಕಾರ ಈ ತಂಡ ಬದುಕಿದ್ದು ಆ ಒಂದು ತೀರ್ಮಾನದಿಂದ. ಗ್ಯಾರಿಗೆ ಇದರಿಂದ ಕೈಬಿಡುವುದು ಬಹಳ ಇತ್ತು. ಬಿಟ್ಟ. ಪಾಲು ಹಂಚಿದಂತೆ ಮೈಕೂ ಹಂಚಿಹೋಯಿತು. 2006ರ ನವೆಂಬರ್‌ನಲ್ಲಿ ಬಂದ 'ಪೇಷನ್ಸ್' ನಂಬರ್ ಒನ್, ಹಾಡಿದ್ದು ಗ್ಯಾರಿ. ಮುಂದಿನ ವರ್ಷ 'ಶೈನ್' ನಂಬರ್ ಒನ್, ಹಾಡಿದ್ದು ಮಾರ್ಕ್. ಎರಡಕ್ಕೂ ಬ್ರಿಟನ್ನಿನ ದೊಡ್ಡ ಸಂಗೀತ ಪ್ರಶಸ್ತಿಯಾದ ಬ್ರಿಟ್ ಬಂತು. ಅದೇ ಆಲ್ಬಂನಲ್ಲಿ ಜೇಸನ್ ಒಂದು ಹಾಡಿಗೆ ಮುಖ್ಯ ಗಾಯಕ. ಕುಣಿಯಲಷ್ಟೇ ಅಂತ ತಂಡಕ್ಕೆ ಸೇರಿಸಿಕೊಂಡಿದ್ದವನು! 2009ರ ಸರ್ಕಸ್ ಟೂರ್‌ನಲ್ಲಂತೂ ಕ್ರೀಡಾಂಗಣದ ನಡುವೆ ಯಂತ್ರದ ಆನೆಯ ಮೇಲೆ ಕೂತು ಬಂದರು.

ರಾಬಿ ಇದನ್ನೆಲ್ಲ ದೂರದಿಂದ ನೋಡುತ್ತಿದ್ದ. ಅಷ್ಟರಲ್ಲಿ ಅವನ ಅಬ್ಬರವೂ ಕಡಿಮೆಯಾಗಿತ್ತು. ಗ್ಯಾರಿ ಮತ್ತು ಅವನು ಕೂತು ಮಾತಾಡಿದರು. 2010ರಲ್ಲಿ ಇಬ್ಬರೂ ಸೇರಿ 'ಶೇಮ್' ಎಂಬ ಹಾಡು ಬರೆದು ಹಾಡಿದರು. ತಮ್ಮ ಜಗಳವನ್ನೇ ಹಾಡು ಮಾಡಿದರು ಅಂದರೂ ಸರಿ. ಆ ನವೆಂಬರ್‌ನಲ್ಲಿ ರಾಬಿಯೂ ಸೇರಿದ ಐವರ 'ಪ್ರೋಗ್ರೆಸ್' ಆಲ್ಬಂ ಬಂತು. ಬ್ರಿಟನ್ನಿನಲ್ಲಿ ಮೊದಲ ದಿನವೇ 2 ಲಕ್ಷ 35 ಸಾವಿರ ಪ್ರತಿ ಖರ್ಚಾಯಿತು. 2011ರ ಟೂರ್‌ನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ ಒಂದರಲ್ಲೇ ಎಂಟು ರಾತ್ರಿ ಹಾಡಿದರು.

ಮುಂದೆ ಎಲ್ಲವೂ ಚೆನ್ನಾಗಿಯೇ ನಡೆಯಿತು ಅಂತಲ್ಲ. ರಾಬಿ ಮತ್ತೆ ತನ್ನ ದಾರಿ ಹಿಡಿದ, ಈ ಬಾರಿ ಜಗಳವಿಲ್ಲದೆ. 2014ರಲ್ಲಿ ಗ್ಯಾರಿ, ಮಾರ್ಕ್, ಹೊವಾರ್ಡ್ ಹಣ ಹೂಡಿದ್ದ ಯೋಜನೆಯೊಂದು ತೆರಿಗೆ ತಪ್ಪಿಸುವ ದಾರಿ ಅಂತ ನ್ಯಾಯಮಂಡಳಿ ಹೇಳಿತು. ಗ್ಯಾರಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಜೇಸನ್, ನನಗೆ ಇನ್ನು ಬೇಡ ಅಂತ ಸುಮ್ನೆ ಹೊರಟುಬಿಟ್ಟ. ಉಳಿದವರು ಮೂರು ಜನ.

2017ರ ಮೇ 22ರಂದು ಮ್ಯಾಂಚೆಸ್ಟರ್‌ನಲ್ಲಿ ಅಮೆರಿಕದ ಗಾಯಕಿ ಅರಿಯಾನಾ ಗ್ರಾಂಡೆಯ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಬಾಂಬ್ ಸಿಡಿದು 22 ಜನ ಸತ್ತರು. ಆ ರಾತ್ರಿ ಟೇಕ್ ದಟ್ ಪಕ್ಕದ ಲಿವರ್‌ಪೂಲ್‌ನಲ್ಲಿ ಹಾಡುತ್ತಿತ್ತು. ಜೂನ್ 4ರಂದು ಸಂತ್ರಸ್ತರಿಗಾಗಿ ನಡೆದ ದೊಡ್ಡ ಕಾರ್ಯಕ್ರಮದಲ್ಲಿ ಈ ಮೂವರು ಹಾಡಿದರು, ರಾಬಿಯೂ ಬಂದು ಹಾಡಿದ. ತಮ್ಮೂರಿನ ನೋವಿಗೆ ಬಂದವರಲ್ಲಿ ಊರಿನ ಹಳೇ ಹುಡುಗರೂ ಇದ್ದರು.

2023ರಲ್ಲಿ ಮೂರನೇ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದ ಸಂಗೀತ ಕಾರ್ಯಕ್ರಮವನ್ನು ವಿಂಡ್ಸರ್‌ನಲ್ಲಿ ಮುಗಿಸಿದ್ದು ಇದೇ ಮೂವರು. ಆ ವರ್ಷದ 'ದಿಸ್ ಲೈಫ್' ಆಲ್ಬಂ ಕೂಡ ನಂಬರ್ ಒನ್. ಆಗಲೇ ಮೂವರೂ 50 ದಾಟಿದವರು.

ಸಮಯ ಸಿಕ್ಕಾಗ 1995ರ 'ಬ್ಯಾಕ್ ಫಾರ್ ಗುಡ್' ಮತ್ತು 2006ರ 'ಪೇಷನ್ಸ್' ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಎರಡರಲ್ಲೂ ಗ್ಯಾರಿಯದೇ ದನಿ. ಎರಡನೆಯದನ್ನು ಕೇಳುವಾಗ ಮಾತ್ರ ಅವನ ಹಿಂದಿರುವ ದನಿಗಳ ಕಡೆಗೂ ಸ್ವಲ್ಪ ಕಿವಿ ಇಡಿ. ನಮಸ್ಕಾರ.