ಬೆಳಕಿನ ಕವಣೆ

ಕೇಳುಗರಿಗೆ ನಮಸ್ಕಾರ.

1983ರಲ್ಲಿ ಚಾಲೆಂಜರ್ ನೌಕೆ ಬಾಹ್ಯಾಕಾಶದಿಂದ ವಾಪಸ್ ಬಂದಾಗ ಅದರ ಕಿಟಕಿ ಗಾಜಿನಲ್ಲಿ ಒಂದು ಪುಟ್ಟ ಗುಳಿ ಬಿದ್ದಿತ್ತು. ಬಡಿದದ್ದು ಕಲ್ಲಲ್ಲ, ಸುಮ್ನೆ ಒಂದು ಬಣ್ಣದ ಚಕ್ಕೆ. ಆದರೂ ಗಾಜನ್ನೇ ಬದಲಾಯಿಸಬೇಕಾಯಿತು.

ವೇಗ ಜಾಸ್ತಿಯಾದರೆ ಧೂಳೂ ಗುಂಡೇ. ಇಂಥ ಪೆಟ್ಟನ್ನು ಲೋಹ ಹೇಗೆ ತಾಳುತ್ತದೆ ಅಂತ ನೋಡಬೇಕಾದರೆ ಒಂದೇ ಒಂದು ಕಣವನ್ನು ಗುರಿಯಿಟ್ಟು ಹೊಡೆಯಬೇಕಲ್ವಾ? ಕೂದಲಿಗಿಂತ ಸಣ್ಣ ಕಣ ಅದು. ಬಂದೂಕಿಗೆ ತುಂಬುವುದು ಹೇಗೆ?

ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದವರು ಇದಕ್ಕೆ ಲೇಸರ್ ಹಿಡಿದರು. ನಾನಿದನ್ನು ಬೆಳಕಿನ ಕವಣೆ ಅನ್ನುತ್ತೇನೆ. ಒಂದು ತೆಳು ಗಾಜು, ಅದಕ್ಕೆ ಚಿನ್ನದ ಲೇಪ, ಅದರ ಮೇಲೆ ರಬ್ಬರಿನಂಥ ಪೊರೆ. ಪೊರೆಯ ಮೇಲೆ ಕಣಗಳನ್ನು ಉದುರಿಸುತ್ತಾರೆ. ಒಂಟಿಯಾಗಿ ಕೂತ, ದುಂಡಗಿನ ಕಣವೊಂದನ್ನು ಆರಿಸಿ, ಸರಿಯಾಗಿ ಅದರ ಬೆನ್ನಿಗೆ ಲೇಸರ್ ಬಿಡುತ್ತಾರೆ. ಚಿನ್ನ ಆವಿಯಾಗುತ್ತದೆ. ಪೊರೆ ಪೂರಿಯ ಹಾಗೆ ಉಬ್ಬಿ ಕಣವನ್ನು ಒದೆಯುತ್ತದೆ, ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ! ಆ ಜಾಗ ಅಲ್ಲಿಗೆ ಸುಟ್ಟಿತು, ಮುಂದಿನ ಕಣಕ್ಕೆ ಬೇರೆ ಜಾಗ.

ಕಣ ಹೋಗುವುದನ್ನೂ ಪುಟಿದು ಬರುವುದನ್ನೂ ಕ್ಯಾಮೆರಾ 16 ಚಿತ್ರಗಳಲ್ಲಿ ಹಿಡಿಯುತ್ತದೆ. ಎಷ್ಟು ವೇಗದಲ್ಲಿ ಹೋಯಿತು, ಎಷ್ಟರಲ್ಲಿ ಬಂತು? ಕಮ್ಮಿಯಾದ ಶಕ್ತಿಯನ್ನು ಹೆಚ್ಚುಕಮ್ಮಿ ಲೋಹವೇ ನುಂಗಿದೆ. ಆಮೇಲೆ ಗುಳಿಯ ಆಳ ಅಳೆಯುತ್ತಾರೆ. ಮೆತ್ತಗಿನ ಲೋಹದಲ್ಲಿ ಗುಳಿ ದೊಡ್ಡದು, ಪುಟಿತ ಕಮ್ಮಿ.

ಈಗ ಸ್ವಾರಸ್ಯ ಕೇಳಿ. ಕಾದರೆ ಲೋಹ ಮೆತ್ತಗಾಗುತ್ತದೆ, ಕಮ್ಮಾರನ ಕುಲುಮೆ ನಿಂತಿರುವುದೇ ಈ ನಂಬಿಕೆಯ ಮೇಲೆ. ಇಯಾನ್ ಡೌಡಿಂಗ್ ಮತ್ತು ಕ್ರಿಸ್ಟೋಫರ್ ಶೂ ಅನ್ನುವ ವಿಜ್ಞಾನಿಗಳು ತಾಮ್ರವನ್ನು ಬಿಸಿಮಾಡಿ ಹೀಗೆ ಹೊಡೆದು, ಕಂಡದ್ದನ್ನು 2024ರಲ್ಲಿ ಪ್ರಕಟಿಸಿದರು. ಮೆತ್ತಗಾಗುವ ಬದಲು ತಾಮ್ರ ಗಟ್ಟಿಯಾಯಿತು! ಶಾಖ 157 ಡಿಗ್ರಿ ಏರಿದಾಗ ಬಲ ಸುಮಾರು ಶೇಕಡಾ 30ರಷ್ಟು ಹೆಚ್ಚಿತು.

ಯಾಕೆ ಹೀಗೆ? ಲೋಹ ಬಾಗುವಾಗ ಒಳಗೆ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುತ್ತವೆ. ಕಾದ ಪರಮಾಣುಗಳು ಮಿಸುಕಾಡುತ್ತಲೇ ಇರುತ್ತವೆ. ಜಾತ್ರೆಯ ಜನಜಂಗುಳಿಯನ್ನು ನೆನೆಸಿಕೊಳ್ಳಿ. ನಿಧಾನ ನಡೆದರೆ ಆ ನೂಕುನುಗ್ಗಲೇ ನಿಮ್ಮನ್ನು ಮುಂದೆ ತಳ್ಳುತ್ತದೆ. ಓಡಲು ಹೋಗಿ ನೋಡಿ, ಅದೇ ಜನ ಹೆಜ್ಜೆಹೆಜ್ಜೆಗೂ ಅಡ್ಡ. ಕಮ್ಮಾರನ ಪೆಟ್ಟು ಆ ನಿಧಾನದ ನಡಿಗೆ, ಈ ಕಣದ ಪೆಟ್ಟು ಓಟ.