ಬ್ಯಾಂಡ್ ಜೊತೆ ಹಾಡುವವರಿಗೆ ಯಾವ ಮೈಕ್? ಮೊದಲು ಮಾನಿಟರ್ ಎಲ್ಲಿದೆ ನೋಡಿ

[ಮೇಜಿನ ಮೇಲೆ ಎರಡು ಹ್ಯಾಂಡ್ ಮೈಕ್. ನೋಡಲು ಹೆಚ್ಚುಕಡಿಮೆ ಒಂದೇ ಥರ.]

ನಮಸ್ಕಾರ. ಗಣೇಶ ಹಬ್ಬ ಹತ್ತಿರ ಬಂತು ಅಂದರೆ ಬೆಳಗಾವಿಯ ಸೌಂಡ್ ಅಂಗಡಿಗಳಲ್ಲಿ ಒಂದು ಪ್ರಶ್ನೆ ಗ್ಯಾರಂಟಿ: "ಅಣ್ಣಾ, ಹಾಡಾಕ ಚಲೋ ಮೈಕ್ ಯಾವ್ದ್ರಿ?" ಅಂಗಡಿಯವರು ಒಂದು ಮೈಕ್ ಕೈಗೆ ಕೊಡುತ್ತಾರೆ. ಹಲೋ, ಹಲೋ, ಚೆಕ್ ಅನ್ನುತ್ತೇವೆ. ದನಿ ಚೆಂದ ಕೇಳಿಸುತ್ತದೆ. ದುಡ್ಡು ಕೊಟ್ಟು ಬರುತ್ತೇವೆ. ಆಮೇಲೆ ಗಲ್ಲಿಯ ಪೆಂಡಾಲಿನಲ್ಲಿ ಡ್ರಮ್ಸ್, ಆಕ್ಟೋಪ್ಯಾಡ್, ಕೀಬೋರ್ಡ್ ಎಲ್ಲ ಶುರುವಾದಾಗ ಅದೇ ಮೈಕ್ ಕುಂಯ್ ಅಂತ ಕೂಗುತ್ತದೆ. ಆಪರೇಟರ್ ಸೌಂಡ್ ಇಳಿಸುತ್ತಾರೆ. ಹಾಡು ಯಾರಿಗೂ ಕೇಳಿಸುವುದಿಲ್ಲ.

ಅಂಗಡಿಯಲ್ಲಿ ನಾವು ಕೇಳಿದ್ದು ನಮ್ಮ ದನಿ ಒಂದನ್ನೇ, ಅಲ್ವಾ? ಸ್ಟೇಜಿನಲ್ಲಿ ಆ ಮೈಕಿಗೆ ಇಡೀ ಬ್ಯಾಂಡ್ ಕೇಳಿಸುತ್ತದೆ. ಅದಕ್ಕೇ ಬ್ಯಾಂಡಿಗೆ ಮೈಕ್ ಆರಿಸುವಾಗ ನಾನು ಮೊದಲು ನೋಡುವುದು, ಅದು ಯಾವ ಕಡೆಯ ಸದ್ದನ್ನು ಬಿಟ್ಟುಬಿಡುತ್ತದೆ ಅನ್ನುವುದನ್ನು. ದನಿಯ ಸೊಗಸು ಆಮೇಲೆ.

ಡೈನಾಮಿಕ್ ಬೇಕಾ, ಕಂಡೆನ್ಸರ್ ಬೇಕಾ ಅನ್ನುವ ಮಾತು ಬೇಗ ಮುಗಿಸೋಣ. ಡೈನಾಮಿಕ್ ಮೈಕಿನಲ್ಲಿ ತೆಳುವಾದ ಪರದೆಗೆ ಒಂದು ತಂತಿ ಸುರುಳಿ ಅಂಟಿಕೊಂಡಿರುತ್ತದೆ. ದನಿ ಬಿದ್ದಾಗ ಅದು ಅಯಸ್ಕಾಂತದ ನಡುವೆ ಅಲುಗಾಡಿ ಕರೆಂಟ್ ಹುಟ್ಟಿಸುತ್ತದೆ. ಹೊರಗಿನಿಂದ ವಿದ್ಯುತ್ ಬೇಡ, ಏಟು ತಡೆಯುತ್ತದೆ, ತೇವಕ್ಕೆ ಬೇಗ ಹೆದರುವುದಿಲ್ಲ. ಕಂಡೆನ್ಸರಿಗೆ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಸಣ್ಣ ಸಣ್ಣ ಗಮಕವೂ ಅದರಲ್ಲಿ ಬಿಡಿಸಿದಂತೆ ಕೇಳಿಸುತ್ತದೆ, ನಿಜ. ಆದರೆ ಚಿಕ್ಕ ಸ್ಟೇಜಿನಲ್ಲಿ ಪಕ್ಕದ ಸಿಂಬಲ್ ಕೂಡ ಅಷ್ಟೇ ಬಿಡಿಸಿದಂತೆ ಕೇಳಿಸುತ್ತದೆ. ಬೆಳಗಾವಿಯಲ್ಲಿ ಗಣೇಶ ಹಬ್ಬ ಅಂದರೆ ಇನ್ನೂ ಮಳೆಗಾಲ, ಗಾಳಿಯಲ್ಲೇ ತೇವ ಇರುತ್ತದೆ. ಕುಮಾರ ಗಂಧರ್ವ ರಂಗಮಂದಿರದಂಥ ಒಳಾಂಗಣದಲ್ಲಿ, ತಬಲಾ ಹಾರ್ಮೋನಿಯಂ ಜೊತೆ ಭಾವಗೀತೆ ಹಾಡುತ್ತೀರಾದರೆ ಕಂಡೆನ್ಸರ್ ಬಗ್ಗೆ ಯೋಚಿಸಿ. ಡ್ರಮ್ಸ್ ಇರುವ ರಸಮಂಜರಿಗೆ ಡೈನಾಮಿಕ್ಕೇ ತಗೊಳ್ಳಿ.

ಈಗ ಮುಖ್ಯವಾದ ವಿಷಯ.

[ಮೈಕನ್ನು ಮೇಜಿನ ಮೇಲೆ ಮಲಗಿಸಿ, ಸುತ್ತ ಸೀಮೆಸುಣ್ಣದಲ್ಲಿ ಹೃದಯದ ಆಕಾರ ಬರೆಯುವುದು.]

ಹಾಡುವ ಮೈಕುಗಳಲ್ಲಿ ಜಾಸ್ತಿ ಸಿಗುವುದು ಕಾರ್ಡಿಯಾಯ್ಡ್, ಅಂದರೆ ಈ ಹೃದಯದ ಆಕಾರದಲ್ಲಿ ಸದ್ದು ಹಿಡಿಯುವ ಮೈಕ್. ಮುಂದಿನ ಸದ್ದು ಪೂರ್ತಿ ಹಿಡಿಯುತ್ತದೆ. ಎರಡೂ ಪಕ್ಕದ್ದನ್ನು ಸುಮಾರು 6 ಡೆಸಿಬಲ್ ಕಡಿಮೆ ಹಿಡಿಯುತ್ತದೆ. ನೇರ ಹಿಂದಿನದನ್ನು, ಅಂದರೆ ಕೇಬಲ್ ಚುಚ್ಚುವ ಬಾಲದ ಕಡೆಯದನ್ನು, ಅತಿ ಕಡಿಮೆ. ಇನ್ನೊಂದು ಸೂಪರ್‌ಕಾರ್ಡಿಯಾಯ್ಡ್. ಇದು ಪಕ್ಕದ ಸದ್ದನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಸುಮಾರು 9 ಡೆಸಿಬಲ್. ಆದರೆ ನೇರ ಹಿಂದೆ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಇದಕ್ಕೆ ಅತಿ ಕಡಿಮೆ ಕೇಳಿಸುವ ಜಾಗ ಬಾಯಿಯ ದಿಕ್ಕಿನಿಂದ ಸುಮಾರು 126 ಡಿಗ್ರಿಯಲ್ಲಿ, ಹಿಂಬದಿಯ ಓರೆಯಲ್ಲಿ ಇರುತ್ತದೆ.

ಇದನ್ನು ಸ್ಟೇಜಿಗೆ ತರೋಣ. ನಿಮ್ಮ ಮಾನಿಟರ್, ಅಂದರೆ ನಿಮ್ಮ ಹಾಡು ನಿಮಗೇ ಕೇಳಿಸಲಿ ಅಂತ ಇಡುವ ಸ್ಪೀಕರ್, ನೆಲದ ಮೇಲೆ ಎದುರಿಗಿದೆ ಅಂದುಕೊಳ್ಳಿ. ಮೈಕನ್ನು ಬಾಯಿಗೆ ಹಿಡಿದು ಬಾಲ ಕೆಳಗೆ ಓರೆ ಮಾಡಿದರೆ, ಬಾಲ ನೇರ ಮಾನಿಟರಿನತ್ತ ನೋಡುತ್ತದೆ. ಕಾರ್ಡಿಯಾಯ್ಡಿಗೆ ಇದೇ ಸರಿಯಾದ ಹಿಡಿತ. ಅದೇ ಓರೆಯಲ್ಲಿ ಸೂಪರ್‌ಕಾರ್ಡಿಯಾಯ್ಡ್ ಹಿಡಿದರೆ? ಅದು ಹಿಂದೆ ಕೇಳಿಸಿಕೊಳ್ಳುವ ಆ ಸ್ವಲ್ಪ ಜಾಗಕ್ಕೇ ಮಾನಿಟರ್ ಬಂದು ಕೂತಿತು. ದುಬಾರಿ ಮೈಕ್ ತಂದೂ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೋಗಿ ಏಳುವ ಆ ಕುಂಯ್ ಕೂಗು) ಹೆಚ್ಚಾಯಿತು ಅನ್ನುವವರು ಮೊದಲು ಇದನ್ನು ನೋಡಬೇಕು. ಸೂಪರ್‌ಕಾರ್ಡಿಯಾಯ್ಡ್ ಇದ್ದರೆ ಮೈಕನ್ನು ನೆಲಕ್ಕೆ ಸಮನಾಗಿ, ಅಡ್ಡವಾಗಿ ಹಿಡಿಯಿರಿ. ಆಗ ಎದುರಿನ ಮಾನಿಟರ್ ಅತಿ ಕಡಿಮೆ ಕೇಳಿಸುವ ಆ 126 ಡಿಗ್ರಿ ಕೋನದ ಹತ್ತಿರ ಬರುತ್ತದೆ. ಸ್ಟ್ಯಾಂಡಿನಲ್ಲಿ ಹಾಡುವವರಾದರೆ ಒಂದರ ಬದಲು ಎರಡು ಮಾನಿಟರ್, ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಇಡಿಸಿ.

ಬಾಡಿಗೆ ಸೌಂಡ್ ಸಿಸ್ಟಮ್ ಇದ್ದಾಗ ನಿಮ್ಮ ಕೈಯಲ್ಲಿರುವ ಮೈಕ್ ಯಾವ ಜಾತಿಯದು ಅಂತ ಆಪರೇಟರಿಗೆ ಗೊತ್ತಿರುವುದಿಲ್ಲ. ಹೇಳಿ. "ಅಣ್ಣಾ, ಇದು ಸೂಪರ್‌ಕಾರ್ಡಿಯಾಯ್ಡ್ ಐತ್ರಿ, ಮಾನಿಟರ್ ಸ್ವಲ್ಪ ಬಾಜೂಕ ಸರಸ್ತೀರೇನ್ರಿ?" ಅಷ್ಟು ಸಾಕು. ಕೆಲಸ ಗೊತ್ತಿರುವ ಆಪರೇಟರ್ ಖುಷಿಯಿಂದ ಸರಿಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಯಾವ ಮೈಕೂ ಕೈಹಿಡಿಯುವುದಿಲ್ಲ. ಡ್ರಮ್ಸ್ ನಿಮ್ಮ ಬೆನ್ನ ಹಿಂದೆ ನೇರವಾಗಿ ಇದೆಯಾ? ಮೈಕಿನ ಮುಖ ನಿಮ್ಮ ಬಾಯಿಯ ಕಡೆಗಿದೆ, ಅಂದರೆ ಡ್ರಮ್ಸ್ ಕಡೆಗೂ ಇದೆ. ನಡುವೆ ಅಡ್ಡ ಇರುವುದು ನಿಮ್ಮ ತಲೆ ಒಂದೇ. ನಮ್ಮ ಗಲ್ಲಿ ಸ್ಟೇಜುಗಳು ಇರುವುದೇ ಇಷ್ಟಗಲ, ಡ್ರಮ್ಸ್ ಮಧ್ಯಕ್ಕೆ ಇಟ್ಟರೆ ಫೋಟೋ ಚೆಂದ ಬರುತ್ತದೆ ಅಂತ ಇಡುತ್ತಾರೆ. ದಯವಿಟ್ಟು ಒಂದು ಮೂಲೆಗೆ ಸರಿಸಿ. ಹತ್ತು ಸಾವಿರದ ಮೈಕ್ ಕೊಡದ ಲಾಭ ಇದರಲ್ಲಿ ಸಿಗುತ್ತದೆ.

[ಹತ್ತಿರದ ದೃಶ್ಯ: ಜಾಲರಿ ತಿರುಗಿಸಿ ಬಿಚ್ಚುವುದು.]

ಈ ಜಾಲರಿ ಬಿಚ್ಚಿ ತೋರಿಸುತ್ತೇನೆ. ಒಳಗೆ ಸ್ಪಂಜಿನ ಒಂದು ಪದರ ಇದೆ, ಊದಿದ ಗಾಳಿಯನ್ನು ತಡೆಯುವುದು ಅದು. ಈಗ ದನಿ ಹಿಡಿಯುವ ಈ ಭಾಗ, ಕ್ಯಾಪ್ಸೂಲ್, ನೋಡಿ. ಮುಂದೆ ದನಿ ಹೋಗುವ ಬಾಗಿಲು. ಇಲ್ಲಿ, ಕುತ್ತಿಗೆಯ ಸುತ್ತ, ಸಣ್ಣ ಕಿಂಡಿಗಳಿವೆ ನೋಡಿ. ಪಕ್ಕದಿಂದ ಹಿಂದಿನಿಂದ ಬಂದ ಸದ್ದು ಈ ಕಿಂಡಿಗಳಿಂದಲೂ ಒಳಗೆ ಹೋಗುತ್ತದೆ. ಹಿಂದಿನ ಸದ್ದು ಪರದೆಯ ಎರಡೂ ಬದಿಗೆ ಏಕಕಾಲಕ್ಕೆ ಮುಟ್ಟುವ ಹಾಗೆ ಒಳಗಿನ ದಾರಿ ಮಾಡಿರುತ್ತಾರೆ. ಎರಡೂ ಕಡೆ ಒಂದೇ ಒತ್ತಡ ಬಿದ್ದರೆ ಪರದೆ ಅಲುಗಾಡುವುದಿಲ್ಲ. ಹಿಂದಿನ ಸದ್ದು ಕಡಿಮೆಯಾಗುವುದು ಹೀಗೆ.

ಈಗ ಜಾಲರಿ ಹಾಕಿ, ರ‍್ಯಾಪ್ ಹಾಡುವವರ ಥರ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತೇನೆ. ಕೇಳಿ.

[ಮುಷ್ಟಿ ಮುಚ್ಚುತ್ತಿದ್ದಂತೆ ದನಿ ಡಬ್ಬದೊಳಗಿನಿಂದ ಬಂದಂತಾಗಿ, ಫೀಡ್‌ಬ್ಯಾಕ್ ಏಳುವುದು.]

ಕಿಂಡಿಗಳು ಮುಚ್ಚಿದವು. ಈಗ ಇದು ಸುತ್ತ ಎಲ್ಲ ಕಡೆಯ ಸದ್ದು ಹಿಡಿಯುವ ಮೈಕ್. ನಿಮ್ಮ ತಂಡದಲ್ಲಿ ಹೀಗೆ ಹಿಡಿಯುವ ಗಾಯಕರು ಇದ್ದರೆ ಹೊಸ ಮೈಕ್ ಕೊಳ್ಳುವ ಮೊದಲು ಅವರ ಕೈಯನ್ನು ಎರಡು ಇಂಚು ಕೆಳಗೆ ಇಳಿಸಿ.

ಇನ್ನು ಹೆಸರುಗಳು. ಶ್ಯೂರ್ ಎಸ್‌ಎಂ58 ಗೊತ್ತಿಲ್ಲದವರು ಕಡಿಮೆ. 1966ರಿಂದ ಮಾರುಕಟ್ಟೆಯಲ್ಲಿದೆ. ಕಾರ್ಡಿಯಾಯ್ಡ್, 50ರಿಂದ 15,000 ಹರ್ಟ್ಜ್‌ವರೆಗೆ ಹಿಡಿಯುತ್ತದೆ. ಸಂಖ್ಯೆ ದೊಡ್ಡದಲ್ಲ ಅನ್ನಿಸಬಹುದು, ಹಾಡಿನ ದನಿಗೆ ಅಷ್ಟು ಸಾಕು. ಅಕ್ಷರಗಳು ಸ್ಪಷ್ಟವಾಗುವ ಮೇಲಿನ ಭಾಗವನ್ನು ಸ್ವಲ್ಪ ಎತ್ತಿಕೊಡುತ್ತದೆ, ಹಾಗಾಗಿ ಬ್ಯಾಂಡಿನ ನಡುವೆಯೂ ಸಾಹಿತ್ಯ ಕೇಳಿಸುತ್ತದೆ. ಸೆನ್‌ಹೈಸರ್ ಇ835 ಕೂಡ ಕಾರ್ಡಿಯಾಯ್ಡ್. ಅದರ ಮೇಲಿನ ದನಿ ಇನ್ನೂ ಸ್ವಲ್ಪ ತೆರೆದಂತಿದೆ, ದಪ್ಪ ಗಂಟಲಿನವರಿಗೆ ನಾನು ಅದನ್ನೇ ಹೇಳುತ್ತೇನೆ. ಸೂಪರ್‌ಕಾರ್ಡಿಯಾಯ್ಡ್ ಬೇಕಾದರೆ ಶ್ಯೂರ್ ಬೀಟಾ 58ಎ, ಸೆನ್‌ಹೈಸರ್ ಇ845 ಅಥವಾ ಇ945. ತುಂಬಾ ಜೋರು ಸ್ಟೇಜಿಗೆ ಅಂತಲೇ ಇರುವುದು ಆಡಿಕ್ಸ್ ಓಎಂ7. ಇದು ಹೈಪರ್‌ಕಾರ್ಡಿಯಾಯ್ಡ್, ಅಂದರೆ ಪಕ್ಕದ ಸದ್ದನ್ನು ಇನ್ನೂ ಹೆಚ್ಚು ತಡೆಯುತ್ತದೆ, ಬಾಯಿಗೆ ಹತ್ತಿಸಿ ಹಾಡಬೇಕು, ಮಿಕ್ಸರಿನಲ್ಲಿ ಗೇನ್ (ಮೈಕಿನ ದನಿ ಹಿಗ್ಗಿಸುವ ಮಟ್ಟ) ಜಾಸ್ತಿ ಕೊಡಬೇಕು. ಹಾಡುತ್ತಾ ಮೈಕನ್ನು ಎದೆಯವರೆಗೆ ಇಳಿಸುವ ಅಭ್ಯಾಸ ಇರುವವರಿಗೆ ಅದು ಬೇಡ.

ಅಷ್ಟು ಬಜೆಟ್ ಇಲ್ಲದ ತಂಡಗಳೇ ನಮ್ಮಲ್ಲಿ ಹೆಚ್ಚು. ಕಾಲೇಜಿನ ಹುಡುಗರು, ಓಣಿಯ ಭಜನಾ ಮಂಡಳಿಯವರು. ಅವರಿಗೆ ಬೆಹ್ರಿಂಗರ್ ಎಕ್ಸ್‌ಎಂ8500 ಅಥವಾ ಅಹುಜಾದ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಕೇಬಲ್ ಹಾಕುವ) ಡೈನಾಮಿಕ್ ಮೈಕುಗಳು ಶುರುವಿಗೆ ಒಳ್ಳೆಯವು. ಅಹುಜಾದ ರಿಪೇರಿ, ಬಿಡಿಭಾಗ ನಮ್ಮ ಕಡೆ ಸುಲಭವಾಗಿ ಸಿಗುವುದು ಸಣ್ಣ ಲಾಭವಲ್ಲ.

ಒಂದು ಎಚ್ಚರಿಕೆ. ಎಸ್‌ಎಂ58ರ ನಕಲಿಗಳು ಎಲ್ಲೆಲ್ಲೂ ಇವೆ. ಅಸಲಿ ಮೈಕಿನ ತೂಕ 298 ಗ್ರಾಂ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಬಹುದು. ತೀರಾ ಹಗುರ ಇದ್ದರೆ ಅನುಮಾನಪಡಿ. ಸಾವಿರ, ಒಂದೂವರೆ ಸಾವಿರಕ್ಕೆ ಹೊಸದು ಕೊಡುತ್ತೇನೆ ಅಂದರೆ ಅದು ಅಸಲಿ ಅಲ್ಲ. ಅಧಿಕೃತ ಡೀಲರ್ ಹತ್ತಿರ ಬಿಲ್, ವಾರಂಟಿ ಜೊತೆ ತಗೊಳ್ಳಿ. ನಕಲಿ ಎಸ್‌ಎಂ58ಕ್ಕಿಂತ ಅಸಲಿ ಅಹುಜಾ ಎಷ್ಟೋ ಮೇಲು, ಇದನ್ನು ಒತ್ತಿ ಹೇಳುತ್ತೇನೆ.

ಕೇಬಲ್ ಕಡೆಗೂ ಕಣ್ಣಿರಲಿ. ಕಡಿಮೆ ಬೆಲೆಯ ಮೈಕಿನ ಜೊತೆ ಬರುವ ಕೇಬಲಿಗೆ ಒಂದು ತುದಿಯಲ್ಲಿ ಪಿ-38 ಪಿನ್ ಇರುತ್ತದೆ, ಆ ದಪ್ಪನೆಯ ಒಂಟಿ ಪಿನ್. ಮನೆಯಲ್ಲಿ ಅಭ್ಯಾಸಕ್ಕೆ ಪರವಾಗಿಲ್ಲ. ಪೆಂಡಾಲಿನಲ್ಲಿ ಸೀರಿಯಲ್ ಸೆಟ್, ಜನರೇಟರ್, ಡಿಮ್ಮರ್ ಎಲ್ಲ ಇರುವಾಗ ಅದು ಗುಂಯ್ ಅನ್ನುತ್ತದೆ. ಎರಡೂ ತುದಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇದ್ದರೆ ದನಿ ಎರಡು ತಂತಿಯಲ್ಲಿ ತಿರುಗುಮುರುಗಾಗಿ ಹೋಗುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಸೇರಿದ ಗದ್ದಲವನ್ನು ಮಿಕ್ಸರ್ ಕಳೆದುಹಾಕುತ್ತದೆ. ಸ್ಟೇಜಿನಿಂದ ಮಿಕ್ಸರ್ ದೂರ ಇದ್ದಷ್ಟೂ ಇದು ಮುಖ್ಯ.

ವೈರ್‌ಲೆಸ್ ಬಗ್ಗೆ ಬೇರೆ ವಿಡಿಯೋನೇ ಬೇಕು. ಇಷ್ಟು ಮಾತ್ರ ಹೇಳುತ್ತೇನೆ: 2.4 ಗಿಗಾಹರ್ಟ್ಜ್‌ನ ಅಗ್ಗದ ಸೆಟ್ಟುಗಳು ವೈಫೈ, ಬ್ಲೂಟೂತ್ ಓಡಾಡುವ ದಾರಿಯಲ್ಲೇ ಓಡಾಡುತ್ತವೆ. ಜಾತ್ರೆಯ ಜನಸಂದಣಿಯಲ್ಲಿ ಎಲ್ಲರ ಜೇಬಲ್ಲೂ ಫೋನ್. ಅಂಥ ಕಡೆ ತಂತಿ ಮೈಕನ್ನೇ ನಾನು ನಂಬುತ್ತೇನೆ.

ಈಗ ಅಂಗಡಿಗೆ ಹೋಗೋಣ. ಹಲೋ ಚೆಕ್ ಅಂದರೆ ಏನೂ ಗೊತ್ತಾಗುವುದಿಲ್ಲ. ನಮ್ಮ ಕನ್ನಡದಲ್ಲೇ ಒಳ್ಳೆಯ ಪರೀಕ್ಷೆ ಇದೆ. ಭಕ್ತಿ, ಫಲ, ಪಾಪ, ಧೂಪ. ಈ ಮಹಾಪ್ರಾಣಗಳು, ಪ-ಬಗಳು ಬಾಯಿಂದ ಗಾಳಿ ನೂಕುತ್ತವೆ. ಮೈಕಿನಿಂದ ಎರಡು ಬೆರಳಿನಷ್ಟು ದೂರದಲ್ಲಿ ಹೇಳಿ, ಎಷ್ಟು ಧಪ್ ಅನ್ನುತ್ತದೆ ಕೇಳಿ. ಆಮೇಲೆ ಸರಸ, ಶಿಶು, ಆಕಾಶ. ಸ-ಶಗಳು ಕಿವಿ ಚುಚ್ಚಿದರೆ ಹೆಚ್ಚು ಶ್ರುತಿಯಲ್ಲಿ ಹಾಡುವ ಹೆಣ್ಣುಮಕ್ಕಳಿಗೆ ಆ ಮೈಕ್ ಕಷ್ಟ.

ಆಮೇಲೆ ನಿಮ್ಮದೇ ಹಾಡಿನ ಒಂದು ಚರಣ ಹಾಡಿ, ಮೊದಲು ತುಟಿ ತಾಗುವಷ್ಟು ಹತ್ತಿರ, ನಂತರ ಗೇಣು ದೂರ. ಈ ಮೈಕುಗಳೆಲ್ಲ ಹತ್ತಿರ ಬಂದಷ್ಟೂ ಬೇಸ್ ಹೆಚ್ಚಿಸುತ್ತವೆ. ಕೆಲವರಿಗೆ ಅದು ಸೊಗಸು, ದಪ್ಪ ದನಿಯವರಿಗೆ ಗೊಜಗೊಜ. ಮಿಕ್ಸರಿನಲ್ಲಿ 80 ಅಥವಾ 100 ಹರ್ಟ್ಜ್‌ನ ಲೋ ಕಟ್ ಬಟನ್, ಅಂದರೆ ಅದಕ್ಕಿಂತ ಕೆಳಗಿನ ಬೇಸ್ ಕಡಿಮೆ ಮಾಡುವ ಬಟನ್, ಒತ್ತಿಸಿ ಮತ್ತೆ ಕೇಳಿ, ಎಷ್ಟೋ ತಿಳಿಯಾಗುತ್ತದೆ. ಎಕೋ ಮಾತ್ರ ಪೂರ್ತಿ ಬಂದ್ ಮಾಡಿಸಿ. ಎಕೋದಲ್ಲಿ ಎಲ್ಲ ಮೈಕೂ ಚೆಂದವೇ.

ಕೊನೆಗೆ ಹಾಡುತ್ತಿರುವಾಗಲೇ ಮೈಕನ್ನು ಕೈಯಲ್ಲಿ ಹೊರಳಿಸಿ, ಕೇಬಲ್ ಅಲುಗಾಡಿಸಿ. ಗರಗರ ಸದ್ದು ಜಾಸ್ತಿ ಬಂದರೆ ಬೇಡ. ಆಮೇಲೆ ಅಂಗಡಿಯವರನ್ನು ಕೇಳಿ, ಒಂದು ಸ್ಪೀಕರನ್ನು ಎದುರಿಗೆ ಮಾನಿಟರ್ ಥರ ನೆಲಕ್ಕೆ ಇಡಿಸಿ, ನಿಧಾನಕ್ಕೆ ಸೌಂಡ್ ಏರಿಸಿ. ಎರಡು ಮೈಕುಗಳಲ್ಲಿ ಯಾವುದು ತಡವಾಗಿ ಕೂಗುತ್ತದೋ ಅದೇ ನಿಮ್ಮ ಬ್ಯಾಂಡಿನ ಮೈಕ್. ಎರಡಕ್ಕೂ ನಿಮ್ಮ ದನಿ ಒಂದೇ ಮಟ್ಟದಲ್ಲಿ ಕೇಳಿಸುವ ಹಾಗೆ ಗೇನ್ ಇಟ್ಟು ನೋಡಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಬನಶಂಕರಿ ಜಾತ್ರೆಯಂಥ ಬಯಲಿನಲ್ಲಿ ಹಾಡುವವರು ಹೊರಗೆ ಹಾಕುವ ಸ್ಪಂಜಿನ ಟೋಪಿಯನ್ನೂ ಒಂದು ತಗೊಳ್ಳಿ. ಗಾಳಿಯೂ ಧೂಳೂ ಎರಡೂ ನಿಲ್ಲುತ್ತವೆ. ಕಾರ್ಯಕ್ರಮ ಮುಗಿದ ಮೇಲೆ ಜಾಲರಿ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಕ್ಯಾಪ್ಸೂಲಿಗೆ ನೀರು ತಾಗಬಾರದು. ಒಂದೇ ಮೈಕಿನಲ್ಲಿ ನಾಲ್ಕು ಜನ ಹಾಡುವ ತಂಡಗಳಿಗಂತೂ ಇದು ಬೇಕೇ ಬೇಕು.

[ಎರಡೂ ಮೈಕ್ ಸ್ಟ್ಯಾಂಡಿಗೆ ಹಾಕಿ, ಎದುರಿಗೆ ಮಾನಿಟರ್ ಇಡುವುದು.]

ನಿಮ್ಮ ಸ್ಟೇಜಿನ ಅಳತೆ, ಡ್ರಮ್ಸ್ ಎಲ್ಲಿ ಕೂರುತ್ತದೆ, ಎಷ್ಟು ಜನ ಹಾಡುತ್ತೀರಿ, ಇಷ್ಟನ್ನು ಬರೆದು ಕಳಿಸಿ. ಮುಂದಿನ ವಿಡಿಯೋದಲ್ಲಿ ಅಂಥ ಒಂದು ಸ್ಟೇಜನ್ನೇ ತಗೊಂಡು ಮಾನಿಟರುಗಳನ್ನು ಎಲ್ಲೆಲ್ಲಿ ಇಡಬೇಕು ಅಂತ ನೋಡೋಣ.